ಭಾರ ಹೆಚ್ಚಿದರೆ ಒದೆತ ತಗ್ಗೀತೇ?

ಉಪ್ಪಿನಕಾಯಿ, ಚಟ್ನಿಪುಡಿಗಳ ಪಕ್ಕದ ಪುಟದಲ್ಲಿ ಇದೇನು ಪಿಸ್ತೂಲಿನ ಮಾತು ಅಂತ ಹುಬ್ಬೇರಿಸಬೇಡಿ, ಸೋದರಿಯರೇ. ನಾನು ಕೊಡಗಿನವಳು. ನಿಮ್ಮ ಮನೆಗಳಲ್ಲಿ ಒರಳು, ಬೀಸುವ ಕಲ್ಲು ಇದ್ದ ಹಾಗೆ ನಮ್ಮಲ್ಲಿ ಒಂದು ಕೋವಿಯೂ ಇರುತ್ತದೆ. ಗದ್ದೆಯ ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೋವಿಯನ್ನು ಒರೆಸಿ ದೀಪದ ಮುಂದಿಟ್ಟು, ತೋಕ್ ಪೂ ಮುಡಿಸಿ ಪೂಜೆ ಮಾಡುತ್ತೇವೆ. ಕಡಂಬುಟ್ಟು, ಪಂದಿಕರಿ ಊಟವಾದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅದರಲ್ಲಿ ಹೆಂಗಸರಿಗೂ ಪಾಲುಂಟು. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಕೋವಿಗೆ ಲೈಸೆನ್ಸ್ ಬೇಡವೆಂಬ ಹಳೆಯ ವಿನಾಯಿತಿ ಇದೆ. ಅದನ್ನು ಪ್ರಶ್ನಿಸಿ ಯಾರೋ ಕೋರ್ಟಿಗೆ ಹೋದಾಗ 2021ರಲ್ಲಿ ನಮ್ಮ ಹೈಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಆದರೆ ಅದು ಹೆಗಲಿಗಿಡುವ ಕೋವಿಯ ಮಾತು. ಪಿಸ್ತೂಲು ನನಗೆ ಗೊತ್ತಾದದ್ದು ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಸ್ಸಿಗೆ ಹೋದ ಮೇಲೆ. ಮಗುವಿಗೆ ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಹೋಗಿದ್ದೆ. ಈಗ ಹೇಳಲು ಹೊರಟಿರುವುದು ಆ ಎರಡನೇ ಸಲದ ವಿಷಯ.

ಮಗಳು ಅಲ್ಲಿ ಇಂಜಿನಿಯರು. ಗ್ರೀನ್ ಕಾರ್ಡ್ ಬಂದ ಮೇಲೆ ಅಲ್ಲಿನ ಪಿಸ್ತೂಲು ಪಂದ್ಯಗಳಿಗೆ ಸೇರಿದಳು. ನಿಂತಲ್ಲೇ ನಿಂತು ಒಂದು ಬಿಳಿ ಕಾಗದಕ್ಕೆ ಹೊಡೆಯುವ ಒಲಿಂಪಿಕ್ಸ್ ಥರದ್ದಲ್ಲ ಇದು. ಓಡಬೇಕು, ಗೋಡೆಯ ಸಂದಿಯಲ್ಲಿ ಇಣುಕಬೇಕು, ಎದುರಾದ ಪ್ರತಿ ಗುರಿಗೂ ಎರಡೆರಡು ಗುಂಡು ಹೊಡೆಯಬೇಕು. ಬಂದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಈ ಥರದ ಆಟಕ್ಕೆ 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವೇ ಹುಟ್ಟಿತಂತೆ. ಅಂಕವನ್ನು ಸಮಯದಿಂದ ಭಾಗಿಸುವುದೆಂದರೆ ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವಿನ ಕ್ಷಣಕ್ಕೆ ಬೆಲೆ ಬಂತು ಅಂತಲೇ. ಒಂದು ಗುಂಡು ಹೊಡೆದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಮೂತಿ ಮೇಲಕ್ಕೆ ಎಗರುತ್ತದೆ. ಅದು ಕೆಳಗಿಳಿದು ಗುರಿಗೆ ಕೂರುವ ತನಕ ಎರಡನೆಯದನ್ನು ಹೊಡೆಯುವಂತಿಲ್ಲ. ಹಾಗಾಗಿ ಒದೆತ ತಗ್ಗಿಸುವುದು ಅಲ್ಲಿ ಎಲ್ಲರ ಚಿಂತೆ. ನಮ್ಮಲ್ಲಿ ಇಡ್ಲಿ ಮೃದುವಾಗಲು ಏನು ಮಾಡಬೇಕು ಅಂತ ನಾಲ್ಕು ಜನ ಸೇರಿದರೆ ನಾಲ್ಕು ಉಪಾಯ ಬರುತ್ತದಲ್ಲ, ಹಾಗೆ.

ಮಗು ಹಾಲು ಬಿಡುವ ತನಕ ಮಗಳು ಆ ಮೈದಾನಕ್ಕೆ ಕಾಲಿಡಲಿಲ್ಲ. ಗುಂಡಿನಲ್ಲೂ ಸಿಡಿಮದ್ದಿನಲ್ಲೂ ಸೀಸ ಇರುತ್ತದೆ, ಅದು ಉಸಿರಿಗೆ, ಬಟ್ಟೆಗೆ, ಕೈಗೆ ಹತ್ತಿ ಮೊಲೆಹಾಲಿಗೂ ಸೇರುತ್ತದೆ. ಈ ವಿಷಯದಲ್ಲಿ ಅವಳು ಕಟ್ಟುನಿಟ್ಟು. ಆಮೇಲೆ ಮತ್ತೆ ಶುರುಮಾಡಿದಾಗ, ಪಾಪ, ಅವಳಿಗೆ ಅಂತ ಉಳಿದದ್ದು ವಾರಕ್ಕೆ ಆ ಎರಡು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಆಫೀಸಿನದು, ಮಗುವಿನದು, ಗಂಡನದು, ಒಲೆಯದು. ಈ ಲೆಕ್ಕ ನಿಮಗೆ ನಾನು ಬಿಡಿಸಿ ಹೇಳಬೇಕೇ?

ಆ ಎರಡು ಗಂಟೆಗೂ ಕುತ್ತು ಬಂತು. ಬಲ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ಚುಚ್ಚಿದ ಹಾಗೆ ನೋವು. "ಪಿಸ್ತೂಲಿನ ಒದೆತಕ್ಕೆ ಹೀಗಾಗ್ತಿದೆ ಅವ್ವಾ, ಸ್ವಲ್ಪ ಭಾರ ಹಾಕಿದ್ರೆ ಸರಿಹೋಗತ್ತೆ" ಅಂದಳು. (ನಮ್ಮಿಬ್ಬರ ಮಾತು ನಡೆಯುವುದು ಕೊಡವ ತಕ್ಕಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಐದು ವಾರಕ್ಕೆ ಒಂದು ದೊಡ್ಡ ಪಂದ್ಯವಿತ್ತು, ಅದನ್ನು ಬಿಡಲು ಅವಳಿಗೆ ಸುತರಾಂ ಮನಸ್ಸಿಲ್ಲ. ತೊಂಬತ್ತು ಡಾಲರು ಕೊಟ್ಟು ಒಂದು ಕಡ್ಡಿ ತರಿಸಿದಳು. ನಮ್ಮ ದುಡ್ಡಿನಲ್ಲಿ ಎಷ್ಟಾಯಿತು ಅಂತ ನಾನು ಲೆಕ್ಕ ಹಾಕಿದೆ, ಬಾಯಿ ಬಿಟ್ಟು ಹೇಳಲಿಲ್ಲ.

ಏನದು ಕಡ್ಡಿ? ಒತ್ತಿದರೆ ಮುಳ್ಳು ಹೊರಬರುವ ಬಾಲ್ ಪೆನ್ನನ್ನು ಬಿಚ್ಚಿ ನೋಡಿ. ರೀಫಿಲ್ಲಿನ ತುದಿಗೆ ಒಂದು ಸ್ಪ್ರಿಂಗು ಸುತ್ತಿರುತ್ತದೆ. ಪಿಸ್ತೂಲಿನಲ್ಲೂ ನಳಿಗೆಯ ಕೆಳಗೆ ಅಂಥದೇ ಒಂದು ದಪ್ಪ ಸ್ಪ್ರಿಂಗು. ಗುಂಡು ಹಾರಿದಾಗ ಮೇಲಿನ ಕಬ್ಬಿಣದ ಹೊದಿಕೆ, ಅದಕ್ಕೆ ಸ್ಲೈಡ್ ಅಂತಾರೆ, ಹಿಂದಕ್ಕೆ ಜಾರಿ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಸ್ಪ್ರಿಂಗು ಸೊಟ್ಟಗಾಗದಂತೆ ಅದರ ನಡುವೆ ಬೆನ್ನೆಲುಬಿನ ಹಾಗೆ ನಿಂತಿರುವುದೇ ಈ ಕಡ್ಡಿ, ಗೈಡ್ ರಾಡ್. ಮಗಳದು ಗ್ಲಾಕ್ 17 ಎಂಬ ಪಿಸ್ತೂಲು, 1982ರಲ್ಲಿ ಆಸ್ಟ್ರಿಯಾದ ಸೈನ್ಯಕ್ಕೆಂದು ಬಂದದ್ದು. ಅದರ ಮೈಯೇ ಪ್ಲಾಸ್ಟಿಕ್ಕಿನದು, ಒಳಗಿನ ಕಡ್ಡಿಯೂ ಪ್ಲಾಸ್ಟಿಕ್ಕು. ಅದನ್ನು ತೆಗೆದು ಉಕ್ಕಿನದನ್ನೋ, ಇನ್ನೂ ಭಾರ ಬೇಕೆಂದರೆ ಟಂಗ್‌ಸ್ಟನ್ನಿನದನ್ನೋ ಹಾಕಿಕೊಳ್ಳಿ, ಒದೆತ ಕಡಿಮೆಯಾಗುತ್ತದೆ ಅಂತ ಮಾರುವವರು ಹೇಳುತ್ತಾರೆ.

ಟಂಗ್‌ಸ್ಟನ್ ಅಂದರೆ ಹಳೆಯ ದುಂಡು ಬಲ್ಬಿನೊಳಗೆ ಕೆಂಪಗೆ ಕಾಯುತ್ತಿದ್ದ ತಂತಿ. ಅದರ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದ್ದೇ, ನೀರಿನ 19 ಪಟ್ಟಿಗೂ ಮೇಲೆ. ಹೀಗಿರುವುದರಿಂದಲೇ ಚಿನ್ನದ ಗಟ್ಟಿಯ ಹೊಟ್ಟೆಗೆ ಟಂಗ್‌ಸ್ಟನ್ ತುಂಬಿ ಮೋಸ ಮಾಡುವವರಿದ್ದಾರೆ. ಉಕ್ಕು ಎಂಟು ಪಟ್ಟಿಗೂ ಸ್ವಲ್ಪ ಕಡಿಮೆ. ಪ್ಲಾಸ್ಟಿಕ್ಕಂತೂ ನೀರಿಗಿಂತ ತುಸು ಹೆಚ್ಚು, ಅಷ್ಟೆ. ಕಿರುಬೆರಳಿಗಿಂತ ಸಣ್ಣ ಕಡ್ಡಿ ಅಂಗೈಯಲ್ಲಿಟ್ಟರೆ ಬಳೆ ಇಟ್ಟ ಹಾಗೆ ಭಾರ ಬಂತು. ನನಗೂ ಒಂದು ಕ್ಷಣ ಇದು ಕೆಲಸ ಮಾಡೀತು ಅನಿಸಿತು.

ಅಡಿಗೆಮನೆಯಲ್ಲಿ ಹಿಟ್ಟು ತೂಗುವ ತಕ್ಕಡಿ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಕವರು ಹಾಸಿ (ಸೀಸದ ಮಾತು ಮರೆಯಬಾರದಲ್ಲ), ಹಳೆಯದನ್ನೂ ಹೊಸದನ್ನೂ ಸ್ಪ್ರಿಂಗಿನ ಸಮೇತ ತೂಗಿದೆ. ವ್ಯತ್ಯಾಸ 40 ಗ್ರಾಂ. ಗುಂಡು ತುಂಬಿದ ಪಿಸ್ತೂಲು 900 ಗ್ರಾಮಿನ ಆಸುಪಾಸು. ಅಂದರೆ ನೂರಕ್ಕೆ ನಾಲ್ಕೂವರೆ ಪಾಲು. ಒಂದು ಲೋಟ ಹಾಲಿಗೆ ಎರಡು ಚಿಕ್ಕ ಚಮಚ ನೀರು ಬೆರೆಸಿದಷ್ಟು. ಅಷ್ಟನ್ನು ಕಂಡುಹಿಡಿದು ಹಾಲಿನವನ ಜೊತೆ ಜಗಳಕ್ಕೆ ನಿಲ್ಲುವ ನಾಲಗೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಭಾರ ಕೆಲಸವನ್ನೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹಗುರ ಮಿಕ್ಸಿ ಕಟ್ಟೆಯ ಮೇಲೆ ತಾನೇ ನಡೆದುಕೊಂಡು ಹೋಗುತ್ತದೆ, ಕಲ್ಲಿನ ಗ್ರೈಂಡರ್ ಕದಲುವುದಿಲ್ಲ. ನ್ಯೂಟನ್ 1687ರಲ್ಲೇ ಬರೆದಿಟ್ಟ ನಿಯಮ ಅದು: ಗುಂಡು ಎಷ್ಟು ಜೋರಿನಿಂದ ಮುಂದೆ ಹೋಗುತ್ತದೋ ಅಷ್ಟೇ ಜೋರು ಪಿಸ್ತೂಲಿಗೆ ಹಿಂದಕ್ಕೆ. ಹಿಂದೆ ಬರುವ ವಸ್ತು ಭಾರವಾದಷ್ಟೂ ಅದು ಬರುವ ವೇಗ ಕಡಿಮೆ. ಮಗಳ ಗುಂಡು ಎಂಟು ಗ್ರಾಮು, ಸೆಕೆಂಡಿಗೆ 350 ಮೀಟರಿನಂತೆ ಹೊರಡುತ್ತದೆ. ಅದೇ ಗುಂಡಿಗೆ ಪೂರಾ ಉಕ್ಕಿನಲ್ಲಿ ಮಾಡಿದ ಪಂದ್ಯದ ಪಿಸ್ತೂಲುಗಳೂ ಇವೆ. ಝೆಕ್ ದೇಶದ ಶ್ಯಾಡೋ 2 ಎಂಬುದು ಖಾಲಿ ಇದ್ದಾಗಲೇ 1330 ಗ್ರಾಂ ತೂಗುತ್ತದೆ, ಗ್ಲಾಕಿನ ಹತ್ತಿರ ಹತ್ತಿರ ಎರಡರಷ್ಟು. ಅದರ ಒದೆತ ಮೃದು ಅಂತ ಎಲ್ಲರೂ ಒಪ್ಪುತ್ತಾರೆ, ಒಪ್ಪಲೇಬೇಕು. ಆದರೆ ಆರುನೂರು ಗ್ರಾಮು ಮಾಡುವ ಕೆಲಸವನ್ನು ನಲವತ್ತು ಗ್ರಾಮಿನ ಕೈಲಿ ಮಾಡಿಸಲಾದೀತೆ?

ಇನ್ನೊಂದು ಲೆಕ್ಕ ನನಗೆ ತೋಟೆಯ ಡಬ್ಬಿ ನೋಡುವಾಗ ಹೊಳೆಯಿತು. ಒಂದು ತೋಟೆ ಹನ್ನೆರಡು ಗ್ರಾಂ. ಹಿಡಿಯೊಳಗೆ ಹದಿನೇಳು ತೋಟೆ ಕೂರುತ್ತವೆ. ನಾಲ್ಕು ಗುಂಡು ಹೊಡೆಯುವಷ್ಟರಲ್ಲಿ ಪಿಸ್ತೂಲು 48 ಗ್ರಾಂ ಹಗುರವಾಗಿರುತ್ತದೆ, ಕಡ್ಡಿ ಕೊಟ್ಟ ಭಾರಕ್ಕಿಂತ ಹೆಚ್ಚು. "ಐದನೇ ಗುಂಡಿಗೆ ಒದೆತ ಜಾಸ್ತಿ ಆಯ್ತು ಅಂತ ನಿನಗೆ ಯಾವತ್ತಾದ್ರೂ ಅನಿಸಿದ್ಯಾ?" ಅಂತ ಕೇಳಿದೆ.

ಮಗಳು ಸುಮ್ಮನಾಗುವವಳಲ್ಲ. "ಅವ್ವಾ, ತೋಟೆ ಇರೋದು ಕೈಯೊಳಗೆ. ಕಡ್ಡಿ ಇರೋದು ಮೂತಿ ಹತ್ತಿರ. ತೂಕಕ್ಕಿಂತ ಅದು ಎಲ್ಲಿದೆ ಅನ್ನೋದು ಮುಖ್ಯ" ಅಂದಳು. ಮಾತು ಸರಿಯೇ. ಉದ್ದ ಹಿಡಿಯ ಬಾಣಲೆಯಲ್ಲಿ ದೂರದ ಅಂಚಿಗೆ ಒಂದು ಬಟ್ಟಲು ಎಣ್ಣೆ ಹೆಚ್ಚಾದರೂ ಕೈಗೆ ಗೊತ್ತಾಗುತ್ತದೆ. ಮೂತಿಯ ಕಡೆಯ ಭಾರ ಮೇಲಕ್ಕೆ ಎಗರುವುದನ್ನು ಸ್ವಲ್ಪ ಹೆಚ್ಚೇ ತಡೆಯುತ್ತದೆ, ಬರೇ ತೂಕದ ಲೆಕ್ಕಕ್ಕಿಂತ. ಆದರೆ ನನ್ನ ಸಂಕಟ ಅಲ್ಲೇ ಇದ್ದದ್ದು. ಅದೇ ಬಾಣಲೆಯನ್ನು ಎತ್ತಿ ಹಿಡಿಯಬೇಕಾದದ್ದು ಯಾವ ಕೈ? ಒದೆತ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಭಾರವನ್ನು ಚಾಚಿದ ತೋಳಿನಲ್ಲಿ ಹೊತ್ತು ನಿಲ್ಲಬೇಕಾದದ್ದು ಪೂರ್ತಿ ಹೊತ್ತು. ಒಂದು ಗುರಿಯಿಂದ ಇನ್ನೊಂದಕ್ಕೆ ತಿರುಗಿಸುವಾಗಲೂ ಮುಂಭಾರದ ವಸ್ತು ಹೊರಡುವುದೂ ತಡ, ನಿಲ್ಲುವುದೂ ತಡ. ನೋಯುವ ಮಣಿಕಟ್ಟಿಗೆ ಇದೆಂಥ ಮದ್ದು?

ಅಳಿಯಂದಿರು ಮೈಸೂರಿನವರು, ಮದುವೆಗೆ ಮುಂಚೆ ದೀಪಾವಳಿಯ ಆಟಂಬಾಂಬಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದವರು. ನಮ್ಮ ಜಗಳಕ್ಕೆ ಮದ್ದು ಹುಡುಕಿದವರು ಅವರೇ. "ಅತ್ತೆ, ವಾದ ಯಾಕೆ, ಪರೀಕ್ಷೆ ಮಾಡಿಬಿಡೋಣ" ಅಂದರು. ಶನಿವಾರ ಮಗುವನ್ನು ಪಕ್ಕದ ಮನೆಯ ತೆಲುಗು ಹೆಂಗಸಿನ ಹತ್ತಿರ ಬಿಟ್ಟು ಮೂವರೂ ಹೋದೆವು. ನಾನು ಗೆರೆಯ ಹಿಂದೆ, ಕಿವಿಗೆ ಮುಚ್ಚಳ ಹಾಕಿಕೊಂಡು ಕೂತೆ. ಪ್ರವಾಸಿ ವೀಸಾದಲ್ಲಿ ಹೋದವರು, ಬೇಟೆಯ ಲೈಸೆನ್ಸ್ ಇದ್ದವರಂಥ ಕೆಲವರನ್ನು ಬಿಟ್ಟರೆ, ಆ ದೇಶದಲ್ಲಿ ಕೋವಿ ಮುಟ್ಟುವಂತಿಲ್ಲ. ತೆಂಗಿನಕಾಯಿ ಒಡೆದ ಕೈ ಮಡಿಲಲ್ಲಿ ಇಟ್ಟುಕೊಂಡು ನೋಡುವುದು ಸುಲಭವಲ್ಲ, ಹೇಳಿಬಿಡುತ್ತೇನೆ.

ಪರೀಕ್ಷೆ ಹೀಗೆ. ಮಗಳು ಬೆನ್ನು ತಿರುಗಿಸಿ ನಿಲ್ಲಬೇಕು. ಅಳಿಯಂದಿರು ಪ್ಲಾಸ್ಟಿಕ್ ಕಡ್ಡಿಯನ್ನೋ ಟಂಗ್‌ಸ್ಟನ್ನನ್ನೋ ಹಾಕಿ, ಗುಂಡಿನ ಲೆಕ್ಕ ಸಮ ಮಾಡಿ ಕೊಡಬೇಕು. ಹತ್ತು ಗುಂಡು ಹೊಡೆದು, ಒಳಗಿರುವುದು ಯಾವುದು ಅಂತ ಅವಳು ಹೇಳಬೇಕು. ಆರು ಸಲ ಮಾಡಿದೆವು. ನಾಲ್ಕು ಸರಿ ಬಂತು. "ನೋಡಿದ್ಯಾ!" ಅಂತ ಕುಣಿದಳು. ನಾಣ್ಯ ಚಿಮ್ಮಿಸಿ ಹೇಳಿದ್ದರೂ ಮೂರು ಸರಿ ಬರುತ್ತಿತ್ತು ಅಂತ ಅಳಿಯಂದಿರು ಮೆಲ್ಲಗೆ ಅಂದರು, ನನ್ನ ಬೆನ್ನ ಹಿಂದೆ ನಿಂತು. ಗುಂಡುಗಳ ನಡುವಿನ ಹೊತ್ತನ್ನು ಅಳೆಯುವ ಪುಟ್ಟ ಯಂತ್ರವಿತ್ತು. ಅದರ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಎರಡು ಕಡ್ಡಿಯ ಅಂಕಿಗಳನ್ನು ಅದಲು ಬದಲು ಮಾಡಿಟ್ಟರೆ ಬರೆದ ನನಗೇ ಗೊತ್ತಾಗುವಂತಿರಲಿಲ್ಲ.

ಆದರೆ ಅಲ್ಲಿ ಕೂತು ನಾನು ನೋಡುತ್ತಿದ್ದದ್ದು ಬೇರೆ. ಗುಂಡುಗಳು ಕಾಗದದ ನಡುವಿಗೆ ಬೀಳದೆ ಕೆಳಗೆ, ಎಡಕ್ಕೆ ಬೀಳುತ್ತಿದ್ದವು. ಒದೆತದಿಂದ ತಪ್ಪಿದರೆ ಮೇಲಕ್ಕಲ್ಲವೇ ಹೋಗಬೇಕು? ಜೊತೆಗೆ, ಆ ಪಿಸ್ತೂಲಿನ ನಳಿಗೆ ನಾಲ್ಕೂವರೆ ಅಂಗುಲ. ಮದ್ದು ಹೊತ್ತಿ ಒಂದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನೊಳಗೆ ಗುಂಡು ಹೊರಗೆ ಹೋಗಿ ಆಗಿರುತ್ತದೆ. ಕೈಗೆ ಒದೆತ ತಿಳಿಯುವುದು ಅದಾದ ಮೇಲೆ. ಎಂದ ಮೇಲೆ ಆ ಗುಂಡನ್ನು ಕೆಳಕ್ಕೆ ಎಳೆದದ್ದು ಯಾರು?

ನಾವು ಚಿಕ್ಕವರಿದ್ದಾಗ ನಮ್ಮ ಸೋದರಮಾವ ಒಂದು ಉಪಾಯ ಮಾಡುತ್ತಿದ್ದರು. ಹೊಸಬರಿಗೆ ಕೋವಿ ಕಲಿಸುವಾಗ ಹೇಳದೆ ಕೇಳದೆ ನಡುವೆ ಒಂದು ಖಾಲಿ ತೋಟೆ ತುಂಬಿ ಕೊಡುವುದು. ಟಕ್ ಅಂತ ಸದ್ದು ಬರುತ್ತದೆ, ಗುಂಡು ಹಾರುವುದಿಲ್ಲ. ಆದರೂ ಹುಡುಗ ಕಣ್ಣು ಮುಚ್ಚಿ, ಹೆಗಲು ಹಿಂಡಿ, ಕೋವಿಯನ್ನು ಮುಂದಕ್ಕೆ ತಳ್ಳಿರುತ್ತಾನೆ. ಎಲ್ಲರೂ ಹೋ ಅಂತ ನಗುತ್ತಿದ್ದೆವು. ಅಳಿಯಂದಿರಿಗೆ ಕಿವಿಯಲ್ಲಿ ಹೇಳಿದೆ. ಅಲ್ಲಿ ಅದಕ್ಕೆಂದೇ ಬಣ್ಣದ ಪ್ಲಾಸ್ಟಿಕ್ ತೋಟೆಗಳು ಸಿಗುತ್ತವೆ. ಹತ್ತರಲ್ಲಿ ಮೂರನ್ನು ಬೆರೆಸಿ ಕೊಟ್ಟರು.

ನಾಲ್ಕನೆಯದು ಸುಳ್ಳು ತೋಟೆ. ಟಕ್. ಪಿಸ್ತೂಲಿನ ಮೂತಿ ಎರಡಂಗುಲ ಕೆಳಕ್ಕೆ ಧುಮುಕಿತು. ಮಗಳು ಹಾಗೇ ನಿಂತುಬಿಟ್ಟಳು. ಪ್ಲಾಸ್ಟಿಕ್ ಕಡ್ಡಿ ಹಾಕಿದಾಗಲೂ ಅಷ್ಟೆ, ಟಂಗ್‌ಸ್ಟನ್ ಹಾಕಿದಾಗಲೂ ಅಷ್ಟೆ. ಒಂದೂವರೆ ವರ್ಷ ಬಿಟ್ಟಿದ್ದ ಕೈ, ನೋವಿಗೆ ಹೆದರಿದ ಕೈ, ಬರಲಿರುವ ಒದೆತವನ್ನು ಮೊದಲೇ ತಡೆಯಲು ಹೋಗುತ್ತಿತ್ತು. ಪೆಟ್ಟು ಬೀಳುವ ಮುಂಚೆಯೇ ತಲೆ ತಗ್ಗಿಸುವ ಮಗುವಿನ ಹಾಗೆ. ಅದನ್ನು ತೆಗೆಯುವ ಕಡ್ಡಿಯನ್ನು ಯಾರೂ ಮಾಡಿಲ್ಲ. ಸುಳ್ಳು ತೋಟೆ ಬೆರೆಸಿ ಹೊಡೆಯುತ್ತಾ, ಮನೆಯಲ್ಲಿ ಖಾಲಿ ಪಿಸ್ತೂಲಿನ ಟ್ರಿಗರನ್ನು ಗೋಡೆಯ ಕಡೆ ಮೆತ್ತಗೆ ಎಳೆಯುತ್ತಾ ಕೈಗೆ ಮರೆಸಬೇಕು. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿಯೇ ಇದನ್ನು ಮಾಡಬೇಕು ಎಂಬುದು ನಮ್ಮ ಮಾವನ ಕಾಲದಿಂದಲೂ ಇರುವ ಶಿಸ್ತು.

ಕೋವಿಯಲ್ಲಿ ನಾನು ಕಂಡದ್ದೂ ಇದೇ. ನಮ್ಮ ಹನ್ನೆರಡು ಬೋರಿನ ಕೋವಿ ಒಂದು ಸಲಕ್ಕೆ ಮೂವತ್ತು ಗ್ರಾಮಿಗೂ ಹೆಚ್ಚು ಚರೆ ಎಸೆಯುತ್ತದೆ. ಒದೆತದ ಶಕ್ತಿ ಮಗಳ ಪಿಸ್ತೂಲಿನ ನಾಲ್ಕೈದು ಪಟ್ಟು. ಸಡಿಲವಾಗಿ ಹಿಡಿದವರಿಗೆ ಹೆಗಲು ನೀಲಿಗಟ್ಟುತ್ತದೆ. ಹಿಡಿಯನ್ನು ಹೆಗಲಿನ ಗುಂಡಿಗೆ ಒತ್ತಿ ಹಿಡಿದವಳಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಕೋವಿಯ ತೂಕಕ್ಕೆ ಅವಳ ಮೈತೂಕವೂ ಸೇರಿರುತ್ತದೆ. ದುಡ್ಡಿಲ್ಲದೆ ಸಿಗುವ ಭಾರ ಅದೊಂದೇ. ಪಿಸ್ತೂಲಿಗೂ ಹಾಗೇ: ಬಲಗೈಯನ್ನು ಸ್ಲೈಡಿನ ಕೆಳಕ್ಕೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಹಿಡಿಯಬೇಕು, ಎಡಗೈ ಉಳಿದ ಜಾಗ ತುಂಬಿ ಹಿಂಡಬೇಕು. ಕೈ ಮೇಲಿದ್ದಷ್ಟೂ ಮೂತಿಗೆ ಎಗರಲು ಸನ್ನೆ ಸಿಗುವುದಿಲ್ಲ. ಮಗಳು ನೋವಿಗಾಗಿ ಬಲಗೈಯನ್ನು ಅರ್ಧ ಅಂಗುಲ ಕೆಳಗಿಳಿಸಿಕೊಂಡಿದ್ದಳು. ನಲವತ್ತು ಗ್ರಾಂ ಹಾಕಿ ಗಳಿಸಿದ್ದಕ್ಕಿಂತ ಆ ಅರ್ಧ ಅಂಗುಲದಲ್ಲಿ ಕಳೆದದ್ದೇ ಹೆಚ್ಚಿರಬೇಕು.

ಕಡ್ಡಿಯ ಪರವಾಗಿ ಹೇಳುವುದಾದರೆ, ಲೋಹದ್ದು ಬಾಗುವುದಿಲ್ಲ, ಮುರಿಯುವುದಿಲ್ಲ, ಸ್ಪ್ರಿಂಗು ಬದಲಾಯಿಸಲು ಅನುಕೂಲ. ಅಷ್ಟಕ್ಕೆ ಉಕ್ಕಿನದು ಸಾಕು, ಬೆಲೆಯೂ ಕಡಿಮೆ. ಕಡ್ಡಿಯ ಜೊತೆ ಸ್ಪ್ರಿಂಗನ್ನೂ ಬದಲಿಸಿದರೆ ಮಾತು ಬೇರೆ, ಆಗ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಬಿಗಿ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ಜೋರಾಗಿ ಬಡಿದು ಮೂತಿಯನ್ನು ತಗ್ಗಿಸುತ್ತದೆ. ಸಡಿಲವಾದದ್ದು ಮೆತ್ತಗೆ ಮುಚ್ಚುತ್ತದೆ, ಆದರೆ ಹಿಂದಕ್ಕೆ ಹೋಗುವಾಗ ಚೌಕಟ್ಟಿಗೆ ಬಡಿಯುತ್ತದೆ. ಎರಡೂ ಹೆಚ್ಚಾದರೆ ತೋಟೆ ಸಿಕ್ಕಿಕೊಳ್ಳುತ್ತದೆ. ಮನೆಯ ಕಾವಲಿಗೆಂದು ಪಿಸ್ತೂಲು ಇಟ್ಟುಕೊಂಡವರು ಅಲ್ಲಿ ಈ ಚೇಷ್ಟೆಗೆ ಹೋಗದೆ ಕಾರ್ಖಾನೆಯಲ್ಲಿ ಹಾಕಿ ಕೊಟ್ಟದ್ದನ್ನೇ ಇಟ್ಟುಕೊಳ್ಳುವುದು ವಿವೇಕ ಅಂತ ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ 9 ಎಂ.ಎಂ. ಪಿಸ್ತೂಲು ಸಾಮಾನ್ಯ ಜನಕ್ಕೆ ನಿಷಿದ್ಧ, ಆ ಪ್ರಶ್ನೆಯೇ ಏಳುವುದಿಲ್ಲ.

ಆ ರಾತ್ರಿ ಮಗಳ ಮಣಿಕಟ್ಟು ಊದಿಕೊಂಡಿತು. ಸೋಮವಾರ ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಇಡಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಚೀರಿಬಿಟ್ಟಳು. ಡಿ ಕ್ವರ್ವೇನ್ ಎಂಬ ಹೆಸರಿನ ತೊಂದರೆಯಂತೆ, ಹೆಬ್ಬೆರಳಿನ ಸ್ನಾಯುರಜ್ಜುಗಳು ಅವುಗಳ ಕೊಳವೆಯಲ್ಲಿ ಉಜ್ಜಿ ಬಾಯುವುದು. ಎಳೆಮಕ್ಕಳ ತಾಯಂದಿರಲ್ಲಿ ತೀರ ಸಾಮಾನ್ಯ. ಕಂಕುಳಿಗೆ ಎರಡೂ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಮಗುವನ್ನು ಎತ್ತುತ್ತೇವಲ್ಲ, ಅದೇ ಕಾರಣ. ಹತ್ತು ಕಿಲೋ ಮಗುವನ್ನು ದಿನಕ್ಕೆ ನಲವತ್ತು ಸಲ ಎತ್ತುವವಳು ವಾರಕ್ಕೊಮ್ಮೆ ಹಿಡಿಯುವ ಪಿಸ್ತೂಲನ್ನು ದೂರುತ್ತಿದ್ದಳು. ಅಂಗೈ ಮೇಲೆ ಮಾಡಿ, ಮುಂಗೈಯನ್ನು ಮಗುವಿನ ಕೆಳಗೆ ಕೊಟ್ಟು ತೊಟ್ಟಿಲಿನ ಹಾಗೆ ಎತ್ತಬೇಕು ಅಂತ ತೋರಿಸಿಕೊಟ್ಟರು. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಇದನ್ನು ಇವತ್ತೇ ಹೇಳಿ. ಹೆಬ್ಬೆರಳನ್ನೂ ಸೇರಿಸಿ ಬಿಗಿಯುವ ಪಟ್ಟಿ ಆರು ವಾರ, ಪಿಸ್ತೂಲು ಬಂದ್.

ಪಂದ್ಯ ಹೋಯಿತು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಅವಳೇ ಬಂದು, "ಅವ್ವಾ, ಶನಿವಾರದ ಆ ಎರಡು ಗಂಟೆ ಮಾತ್ರ ನನ್ನಿಂದ ಕಿತ್ಕೋಬೇಡಿ" ಅಂದಳು. ಕಿತ್ತುಕೊಳ್ಳಲಿಲ್ಲ. ಆರು ವಾರವೂ ಶನಿವಾರ ಮೈದಾನಕ್ಕೆ ಹೋದಳು. ಬೇರೆಯವರ ಅಂಕ ಬರೆಯುವುದು, ಕಾಗದ ಅಂಟಿಸುವುದು. ಪಟ್ಟಿ ಬಿಚ್ಚಿದ ಮೇಲೆ ಮೊದಲ ದಿನ ಇಪ್ಪತ್ತೇ ಗುಂಡು, ಅದರಲ್ಲಿ ಎಂಟು ಸುಳ್ಳು ತೋಟೆ. ನಾನು ಊರಿಗೆ ಹೊರಡುವ ಹೊತ್ತಿಗೆ ಟಕ್ ಅಂದಾಗ ಮೂತಿ ಅಲ್ಲಾಡುತ್ತಿರಲಿಲ್ಲ.

ಪಿಸ್ತೂಲಿನಲ್ಲಿ ಈಗ ಹಳೆಯ ಪ್ಲಾಸ್ಟಿಕ್ ಕಡ್ಡಿಯೇ ಇದೆ. ತೊಂಬತ್ತು ಡಾಲರಿನದನ್ನು ಅಳಿಯಂದಿರು ತಮ್ಮ ಪಿಸ್ತೂಲಿಗೆ ಹಾಕಿಕೊಂಡಿದ್ದಾರೆ. ತುಂಬಾ ವ್ಯತ್ಯಾಸ ಕಾಣುತ್ತದಂತೆ.